ಹಳ್ಳಿಯ ಮನೆಗೆ ಅಂತರ್ಜಾಲ: ಕ್ರಯವೋ, ದಾನವೋ, ಋಣವೋ?

ನಮ್ಮ ಮೀಮಾಂಸಕರು ಯಾವದೊಂದು ಧರ್ಮಸಂದೇಹವನ್ನು ವಿಚಾರಕ್ಕೆ ಎತ್ತಿಕೊಂಡಾಗ ವಿಷಯ, ಸಂಶಯ, ಪೂರ್ವಪಕ್ಷ, ಉತ್ತರ, ನಿರ್ಣಯ ಎಂಬ ಐದು ಮೆಟ್ಟಲುಗಳನ್ನು ಏರಿಯೇ ಮುಂದೆ ಸಾಗುತ್ತಿದ್ದರು. ಈ ಕ್ರಮವು ಯಜ್ಞಯಾಗಾದಿಗಳಿಗಷ್ಟೇ ಮೀಸಲಾದದ್ದೆಂದು ತಿಳಿಯುವ ಕಾರಣವಿಲ್ಲ. ದಿನನಿತ್ಯದ ಲೋಕವ್ಯವಹಾರದಲ್ಲಿ ಏಳುವ ಹೊಸ ಪ್ರಶ್ನೆಗಳನ್ನೂ ಈ ಒರೆಗಲ್ಲಿಗೆ ಹಚ್ಚಿದರೆ ಅವುಗಳಲ್ಲಿ ಹೊನ್ನೆಷ್ಟು, ಹಿತ್ತಾಳೆಯೆಷ್ಟು ಎಂಬದು ಗೊತ್ತಾಗುವದು. ಪ್ರಕೃತ ವಿಷಯವು ಹೀಗಿದೆ. ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ತಾಲೂಕುಗಳ ಯಾವದಾದರೊಂದು ಹಳ್ಳಿಯ ಗೃಹಸ್ಥನು ತನ್ನ ಮನೆಯೊಳಗೆ ಕೆಲಸಕ್ಕೆ ಬರುವಂಥ ಅಂತರ್ಜಾಲ ಬೇಕೆಂದು ಬಯಸುತ್ತಾನೆ. ಅದನ್ನು ಅವನ ಹೊಸ್ತಿಲಿಗೆ ಮುಟ್ಟಿಸುವದು ಯಾರ ಕರ್ತವ್ಯ? ಸಂಶಯವೂ ಸ್ಪಷ್ಟವಾಗಿಯೇ ಇದೆ. ಅದು ರೊಕ್ಕ ಕೊಟ್ಟು ಕೊಳ್ಳುವ ಸರಕೇ? ಸರಕಾರವು ಕೃಪೆಯಿಂದ ನೀಡುವ ದಾನವೇ? ಅಥವಾ ಸಮಾಜವು ಹಳ್ಳಿಗೆ ತೀರಿಸಬೇಕಾದ ಋಣವೇ?

ವಿಚಾರಕ್ಕೆ ತೊಡಗುವ ಮುನ್ನ ಲಕ್ಷಣವನ್ನು ಹೇಳಬೇಕಾಗುವದು. ಲಕ್ಷಣ ಹೇಳದೆ ಮಾಡುವ ವಾದವು ಕತ್ತಲೆಯಲ್ಲಿ ಆಡುವ ಕುಸ್ತಿಯಂತೆ. ‘ನಿಮ್ಮ ಊರಿಗೆ ಅಂತರ್ಜಾಲ ಬಂದಿದೆಯೇ?’ ಎಂದು ಕೇಳಿದರೆ ಇಂದು ಬಹುತೇಕ ಎಲ್ಲ ಕಡೆಯಿಂದಲೂ ‘ಬಂದಿದೆ’ ಎಂಬ ಉತ್ತರವೇ ದೊರೆಯುವದು. ಆದರೆ ಬಂದಿರುವದು ಬೇರೆ, ಉಪಯೋಗಕ್ಕೆ ಒದಗುವದು ಬೇರೆ. ಬೌದ್ಧ ತಾರ್ಕಿಕನಾದ ಧರ್ಮಕೀರ್ತಿಯು ವಸ್ತುವಿನ ಇರವನ್ನು ನಿರೂಪಿಸುವಾಗ ‘ಅರ್ಥಕ್ರಿಯೆ’ ಎಂಬ ಮಾತನ್ನು ಬಳಸುತ್ತಾನೆ. ಯಾವದು ತನ್ನ ಕೆಲಸವನ್ನು ಮಾಡಬಲ್ಲದೋ ಅದೇ ನಿಜವಾಗಿ ಇರುವ ವಸ್ತು ಎಂಬದು ಅವನ ಅಭಿಪ್ರಾಯ. ನಾವು ಬೌದ್ಧರ ಕ್ಷಣಿಕವಾದವನ್ನು ಒಪ್ಪದಿರಬಹುದು. ಆದರೆ ನೀರು ನಿಲ್ಲದ ಕೊಡವನ್ನು ಯಾವ ಗೃಹಿಣಿಯೂ ಕೊಡವೆಂದು ಲೆಕ್ಕಕ್ಕೆ ಹಿಡಿಯಳು. ಫೋನಿನ ಮೇಲಂಚಿನಲ್ಲಿ ನಾಲ್ಕು ಗೆರೆ ಕಾಣುತ್ತಿದ್ದರೂ ಸಂಜೆಯ ಏಳು ಗಂಟೆಗೆ ಪಾಠದ ಚಿತ್ರವು ತೆರೆಯದೆ ಸುತ್ತುತ್ತಲೇ ಇದ್ದರೆ, ಅಲ್ಲಿ ಅಂತರ್ಜಾಲದ ಹೆಸರು ಉಂಟು, ಅರ್ಥಕ್ರಿಯೆ ಇಲ್ಲ. ಆ ಗೆರೆಗಳು ಗೋಪುರದಿಂದ ಬರುವ ಅಲೆಯ ಬಲವನ್ನು ತೋರಿಸುತ್ತವೆಯೇ ಹೊರತು, ಅದೇ ಗೋಪುರವನ್ನು ಆಶ್ರಯಿಸಿದ ಜನರಲ್ಲಿ ಪ್ರತಿಯೊಬ್ಬನ ಪಾಲಿಗೆ ಎಷ್ಟು ಉಳಿದಿದೆ ಎಂಬದನ್ನು ತೋರಿಸುವದಿಲ್ಲ. ಸರಕಾರವು 2023ರ ಜನವರಿಯಲ್ಲಿ ಸೆಕೆಂಡಿಗೆ ಕನಿಷ್ಠ 2 ಮೆಗಾಬಿಟ್ ವೇಗವಿದ್ದರೆ ಮಾತ್ರ ಅದಕ್ಕೆ ‘ಬ್ರಾಡ್‌ಬ್ಯಾಂಡ್’ ಎಂಬ ಹೆಸರು ಸಲ್ಲುವದೆಂದು ಗೊತ್ತುಪಡಿಸಿತು. ಒಬ್ಬ ಹುಡುಗನ ಪಾಠಕ್ಕೆ ಅದು ಹೇಗೋ ಸಾಕಾದೀತು. ಮೂವರು ಮಕ್ಕಳಿರುವ ಮನೆಗೆ ಸಾಲದು.

ಈ ಕೊರತೆಗೆ ಕಾರಣಗಳು ಭೂಮಿಯಲ್ಲಿಯೂ ಇವೆ, ಲೆಕ್ಕಪತ್ರದಲ್ಲಿಯೂ ಇವೆ. ನವಲಗುಂದ, ಅಣ್ಣಿಗೇರಿಗಳ ಎರೆಯ ನೆಲವು ಬೇಸಿಗೆಯಲ್ಲಿ ಕಾಲು ಸಿಕ್ಕುವಷ್ಟು ಬಿರುಕು ಬಿಡುವದು, ಮಳೆಗಾಲದಲ್ಲಿ ಉಬ್ಬುವದು; ಇಂಥ ನೆಲದಲ್ಲಿ ಹೂತ ಕೊಳವೆಗೂ ನೆಟ್ಟ ಕಂಬಕ್ಕೂ ಸ್ವಸ್ಥತೆಯಿಲ್ಲ. ಬೆಣ್ಣೆಹಳ್ಳ, ತುಪ್ಪರಿಹಳ್ಳಗಳು ಉಕ್ಕಿದಾಗ ದಾರಿಯೇ ಕಾಣದು. ಕಲಘಟಗಿಯ ಕಡೆಗೆ ಹೋದರೆ ಗುಡ್ಡವೂ ಕಾಡೂ ಅಡ್ಡ ನಿಲ್ಲುವವು. ನಿಸ್ತಂತು ಅಲೆಗೆ ಒಂದು ಸ್ವಭಾವವುಂಟು: ಕೆಳಗಿನ ಕಂಪನಾಂಕದ ಅಲೆಯು ದೂರ ಹೋಗುವದು, ಗೋಡೆಯನ್ನೂ ತಕ್ಕಮಟ್ಟಿಗೆ ತೂರುವದು, ಆದರೆ ಹೊರುವ ಭಾರ ಕಡಿಮೆ, ಮೇಲಿನ ಕಂಪನಾಂಕದ್ದು ಹೆಚ್ಚು ಹೊರುವದು, ಆದರೆ ಬೇಗನೆ ದಣಿಯುವದು. ಗಾಜಿನೆಳೆಗೆ ಈ ಸಂಕಟವಿಲ್ಲ. ಅದರಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರಿನಂತೆ ಓಡುವದು. ಅದಕ್ಕೆ ಹುಬ್ಬಳ್ಳಿಯೂ ಒಂದೇ, ಹುಬ್ಬಳ್ಳಿಯಿಂದ ಹತ್ತು ಹರಿದಾರಿ ಆಚೆಯ ಹಳ್ಳಿಯೂ ಒಂದೇ. ಆದರೆ ಊರ ಅಗಸೆಯಿಂದ ಮನೆಯ ಕಟ್ಟೆಯವರೆಗೆ ಅದನ್ನು ಎಳೆಯುವ ಖರ್ಚೇ ದೊಡ್ಡದು. ‘ಊರಿಗೆ ಬಂದವಳು ನೀರಿಗೆ ಬಾರದಿರುವಳೇ’ ಎಂಬ ಗಾದೆಯನ್ನು ಈ ಜಾಲದೇವಿಯು ಸುಳ್ಳು ಮಾಡಿದ್ದಾಳೆ. ಊರಿಗೆ ಬಂದಿದ್ದಾಳೆ, ಮನೆಗೆ ಬಾರಳು.

ಇನ್ನು ಪೂರ್ವಪಕ್ಷ. ಮೊದಲನೆಯ ವಾದಿಯು ಹೀಗೆ ಹೇಳುವನು: ‘ಇದು ಶುದ್ಧ ಕ್ರಯವಿಕ್ರಯದ ಮಾತು. ಕೊಳ್ಳುವವರು ಹೆಚ್ಚಿರುವಲ್ಲಿ ಅಂಗಡಿ ಇಡುವರು, ಇಲ್ಲದಲ್ಲಿ ಇಡರು. ನೂರು ಮನೆಗಳ ಊರಿಗೆ ಹಾಕಿದ ಬಂಡವಾಳವು ಹಿಂತಿರುಗದಿದ್ದರೆ ವ್ಯಾಪಾರಿಯು ಏಕೆ ಹೋಗಬೇಕು? ಹೋಗಬೇಕೆಂದರೆ ಆ ಊರಿನವರೇ ಹೆಚ್ಚಿನ ಬೆಲೆ ಕೊಡಲಿ.’ ಈ ವಾದದಲ್ಲಿ ಹುರುಳಿಲ್ಲವೆನ್ನಲಾಗದು. ವ್ಯಾಪಾರಿಗೆ ನಷ್ಟವನ್ನು ವಿಧಿಸುವದು ಧರ್ಮವಲ್ಲ. ಆದರೆ ಇದೇ ವಾದವನ್ನು ಅಂಚೆಗೆ ಅನ್ವಯಿಸಿ ನೋಡಿರಿ. ನಮ್ಮ ದೇಶದಲ್ಲಿ 1854ಕ್ಕಿಂತ ಮೊದಲು ಪತ್ರದ ದರವು ದೂರವನ್ನು ನೋಡಿ ಏರುತ್ತಿತ್ತು. ಆ ವರ್ಷದ ಅಂಚೆಯ ಕಾಯದೆಯಿಂದ ದೂರದ ಲೆಕ್ಕ ಹೋಗಿ ತೂಕದ ಲೆಕ್ಕ ಬಂದಿತು. ಅಂದಿನಿಂದ ಪಕ್ಕದ ಓಣಿಗೆ ಬರೆದ ಕಾಗದಕ್ಕೂ ಹಿಮಾಲಯದ ತಪ್ಪಲಿಗೆ ಬರೆದ ಕಾಗದಕ್ಕೂ ಒಂದೇ ಟಿಕೀಟು. ಪಟ್ಟಣದವರು ಹಳ್ಳಿಯವರ ಕಾಗದದ ಖರ್ಚಿನಲ್ಲಿ ಒಂದಿಷ್ಟನ್ನು ಹೊತ್ತರು. ಅದರಿಂದ ಯಾರೂ ದಿವಾಳಿಯಾಗಲಿಲ್ಲ. ದೃಷ್ಟಾಂತವು ಸರ್ವಾಂಶದಲ್ಲಿ ಹೊಂದಬೇಕೆಂಬ ನಿಯಮವಿಲ್ಲ. ಅಂಚೆಯಲ್ಲಿ ಒಬ್ಬ ಪೇದೆ ನಡೆದುಹೋದರೆ ಸಾಕು, ಇಲ್ಲಿ ನೆಲ ಅಗೆಯಬೇಕು. ಆದರೂ ತತ್ತ್ವ ಒಂದೇ: ಎಲ್ಲರೂ ಒಂದಕ್ಕೊಂದು ಹೆಣೆದಿರುವದರಲ್ಲಿಯೇ ಯಾವ ವಸ್ತುವಿನ ಪ್ರಯೋಜನವಿದೆಯೋ, ಅದರಲ್ಲಿ ದೂರದವನನ್ನು ಬಿಟ್ಟರೆ ಹತ್ತಿರದವನಿಗೂ ನಷ್ಟ.

ಎರಡನೆಯ ವಾದಿಯು ನೀತಿವಂತನು. ಅವನೆನ್ನುತ್ತಾನೆ: ‘ಹಳ್ಳಿಗೆ ಈ ಪೀಡೆ ಬಾರದಿರುವದೇ ಲೇಸು. ಹುಡುಗರು ಜೂಜಿನ ಆಟದಲ್ಲಿ ಹೊಲ ಕಳೆದರು. ಮನೆಯ ಮಾತುಕತೆ ನಿಂತಿತು. ಭಜನೆ, ಬಯಲಾಟಗಳು ಮೂಲೆಗೆ ಸೇರಿದವು.’ ಈ ದುಃಖವು ಸುಳ್ಳಲ್ಲ. ಹಣ ಕಟ್ಟಿ ಆಡುವ ಇಂಥ ಆಟಗಳನ್ನು ಪಾರ್ಲಿಮೆಂಟು 2025ರ ಆಗಸ್ಟಿನಲ್ಲಿ ಕಾಯದೆಯಿಂದ ನಿಷೇಧಿಸಬೇಕಾಯಿತೆಂದರೆ ರೋಗವು ಎಷ್ಟು ಹಬ್ಬಿತ್ತೆಂಬದನ್ನು ಊಹಿಸಬಹುದು. ಆದರೆ ಈ ವಾದಿಯು ಒಂದು ಸೂಕ್ಷ್ಮವನ್ನು ಗಮನಿಸಿಲ್ಲ. ಇಸ್ಪೀಟಿನ ಎಲೆ ತಿರುವಲು ಜಾಲದ ಸಣ್ಣ ಎಳೆಯೊಂದಿದ್ದರೆ ಸಾಕು. ಪಾಠಕ್ಕೆ, ವೈದ್ಯರೊಡನೆ ಮುಖ ನೋಡಿ ಮಾತನಾಡಲು, ಮನೆಯಲ್ಲಿಯೇ ಕುಳಿತು ಪರವೂರಿನ ನೌಕರಿ ಮಾಡಲು ಕಡಿಯದ ಧಾರೆ ಬೇಕು. ದುರ್ಬಲವಾದ ಜಾಲವು ಹಳ್ಳಿಗೆ ಅದರ ವಿಷವನ್ನು ಮುಟ್ಟಿಸಿ ಔಷಧವನ್ನು ತಡೆಹಿಡಿಯುತ್ತದೆ. ಆದ್ದರಿಂದ ಅರೆಬರೆ ಜಾಲವು ಹಳ್ಳಿಯ ಶೀಲವನ್ನು ಕಾಯುವದೆಂಬದು ಭ್ರಾಂತಿ.

ಇದೇ ವಾದಿಯು ಮತ್ತೊಂದು ಮಾತನ್ನೂ ಆಡುವದುಂಟು: ‘ವಿದ್ಯೆಯೆಂಬದು ಗುರುಮುಖದಿಂದ ಬರುವಂಥದು, ತೆರೆಯ ಮೇಲಿನ ಬೊಂಬೆಯಿಂದ ಬಾರದು.’ ಪಾಠಶಾಲೆಯಲ್ಲಿ ಗುರುಗಳ ಎದುರಿಗೆ ಕುಳಿತು ಸಂಥೆ ಹೇಳಿದ ನಮಗೆ ಇದರಲ್ಲಿ ಸಂಶಯವಿಲ್ಲ. ಆದರೆ ಗುರುವಿನ ಬಳಿಗೆ ಹೋಗಲಿಕ್ಕೂ ದಾರಿ ಬೇಕಲ್ಲ! ಕುಂದಗೋಳದ ಸವಾಯಿ ಗಂಧರ್ವರ ಹತ್ತಿರ ಗಾಯನ ಕಲಿಯಲು ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿಬರುತ್ತಿದ್ದರು. ವಿದ್ಯೆ ಕೊಟ್ಟವರು ಗುರುಗಳು, ರೈಲಲ್ಲ. ಆದರೆ ಆ ರೈಲು ಇಲ್ಲದಿದ್ದರೆ ದಿನದಿನದ ಆ ಪಾಠವು ಎಷ್ಟು ದುಸ್ತರವಾಗುತ್ತಿತ್ತು! ಅಂತರ್ಜಾಲವನ್ನು ಗುರುವೆಂದು ಪೂಜಿಸಬೇಕಾಗಿಲ್ಲ. ರೈಲೆಂದು ಎಣಿಸಿದರೆ ಸಾಕು.

ಮೂರನೆಯ ಪಕ್ಷವು ದಾನಪಕ್ಷ. ‘ಸರಕಾರವು ತನ್ನ ಶಕ್ತ್ಯಾನುಸಾರ ಕೊಡುತ್ತಿದೆ, ಬಂದಷ್ಟಕ್ಕೆ ಸಂತೋಷಪಡಬೇಕು’ ಎಂದು ಇವರ ಮತ. ದಾನವು ಶ್ರೇಷ್ಠವಾದದ್ದೇ ಸರಿ. ಆದರೆ ದಾನಕ್ಕೆ ಗಡುವಿಲ್ಲ, ಅಳತೆಯಿಲ್ಲ, ಪ್ರತಿಗ್ರಾಹಿಗೆ ಕೇಳುವ ಅಧಿಕಾರವೂ ಇಲ್ಲ. ವಿದ್ಯುತ್ತಿನ ಚರಿತ್ರೆಯನ್ನು ನೆನೆಯಿರಿ. 2004ರ ವ್ಯಾಖ್ಯೆಯ ಪ್ರಕಾರ ಊರಿನ ನೂರರಲ್ಲಿ ಹತ್ತು ಮನೆಗಳಿಗೆ ದೀಪ ಬಂದರೂ, ಉಳಿದ ಕೆಲವು ನಿಬಂಧನೆಗಳೊಡನೆ, ಆ ಊರನ್ನು ವಿದ್ಯುದೀಕರಣಗೊಂಡದ್ದೆಂದು ಎಣಿಸಬಹುದಾಗಿತ್ತು. ಉಳಿದ ತೊಂಬತ್ತು ಮನೆಗಳ ಕತ್ತಲೆಯು ಲೆಕ್ಕದಲ್ಲಿ ಕಾಣುತ್ತಿರಲಿಲ್ಲ. ಕೊಡುವವನ ಕಣ್ಣಿನಿಂದ ಅಳೆದರೆ ಹೀಗೆಯೇ ಆಗುವದು. ಪಡೆಯುವವನ ಹೊಸ್ತಿಲಿನಲ್ಲಿ ನಿಂತು ಅಳೆಯಬೇಕಾದರೆ ಅದು ದಾನವಲ್ಲ, ಬೇರೊಂದು ಸಂಬಂಧವಾಗಿರಬೇಕು.

ಆ ಸಂಬಂಧವೇ ಋಣವೆಂಬದು ನಮ್ಮ ಸಿದ್ಧಾಂತ. ಇದಕ್ಕೆ ಮೂರು ಹೇತುಗಳನ್ನು ಕೊಡುತ್ತೇವೆ.

ಮೊದಲನೆಯದು ಬಾಗಿಲಿನ ಹೇತು. ಯಾವನು ಮನೆಗೆ ಒಂದೇ ಬಾಗಿಲನ್ನಿಟ್ಟು ಉಳಿದವನ್ನು ಮುಚ್ಚುವನೋ ಅವನು ಆ ಬಾಗಿಲಿಗೆ ದಾರಿಯನ್ನೂ ಮಾಡಿಕೊಡತಕ್ಕದ್ದು. ಪಹಣಿಪತ್ರಿಕೆಯು ಮೊದಲು ತಲಾಠಿಯ ಕೈಬರಹದಲ್ಲಿ ದೊರೆಯುತ್ತಿತ್ತು. ‘ಭೂಮಿ’ ಯೋಜನೆಯು ಬಂದ ಮೇಲೆ ಅದು ಗಣಕಯಂತ್ರದಿಂದಲೇ ಹೊರಡಬೇಕು. ಪಡಿತರದ ಅಂಗಡಿಯಲ್ಲಿ ಬೆರಳಚ್ಚು ಹೊಂದಬೇಕು. ಬೆಳೆ ಸಮೀಕ್ಷೆಯಲ್ಲಿ ರೈತನೇ ಹೊಲದಲ್ಲಿ ನಿಂತು ಚಿತ್ರ ತೆಗೆದು ಕಳಿಸುವ ಪದ್ಧತಿಯು ನಮ್ಮ ರಾಜ್ಯದಲ್ಲಿ 2020ರಿಂದ ಬಂದಿತು. ಉದ್ಯೋಗಖಾತ್ರಿಯ ಕೂಲಿಕಾರರ ಹಾಜರಿಯನ್ನು ಫೋನಿನಲ್ಲಿಯೇ ತುಂಬಬೇಕೆಂದು 2023ರ ಜನವರಿಯಿಂದ ಕಡ್ಡಾಯ ಮಾಡಿದರು. ಇವೆಲ್ಲ ಸುಧಾರಣೆಗಳೇ, ಲಂಚವನ್ನೂ ಅಲೆದಾಟವನ್ನೂ ಎಷ್ಟೋ ಕಡಿಮೆ ಮಾಡಿದವು. ಆದರೆ ಇವುಗಳಿಂದ ಅಂತರ್ಜಾಲವು ಭೋಗವಸ್ತುಗಳ ಸಾಲನ್ನು ಬಿಟ್ಟು ಅನ್ನ, ಭೂಮಿ, ಕೂಲಿಗಳ ಸಾಲಿಗೆ ಸೇರಿತು. ನಮ್ಮ ಸರ್ವೋಚ್ಚ ನ್ಯಾಯಾಲಯವು 2025ರ ಏಪ್ರಿಲ್ 30ರಂದು ಕೊಟ್ಟ ತೀರ್ಪಿನಲ್ಲಿ, ಆಮ್ಲದಾಳಿಗೆ ತುತ್ತಾದವರ ಹಾಗೂ ದೃಷ್ಟಿಹೀನರ ಅರ್ಜಿಗಳನ್ನು ವಿಚಾರಿಸುತ್ತ, ಇಂಥ ಸೇವೆಗಳಿಗೆ ಎಲ್ಲರಿಗೂ ಪ್ರವೇಶವಿರುವದು ಸಂವಿಧಾನದ 21ನೆಯ ವಿಧಿಯು ಕೊಟ್ಟ ಜೀವದ ಹಕ್ಕಿನಲ್ಲಿಯೇ ಅಡಗಿದೆಯೆಂದು ಸಾರಿತು. ಫಿನ್‌ಲಂಡ್ ದೇಶವು 2010ರಲ್ಲಿಯೇ ಪ್ರತಿಯೊಬ್ಬ ನಿವಾಸಿಗೂ ಸೆಕೆಂಡಿಗೆ 1 ಮೆಗಾಬಿಟ್ಟಿನ ಜಾಲವನ್ನು ಹಕ್ಕೆಂದು ಕಾಯದೆಯಲ್ಲಿ ಬರೆಯಿತು.

ಎರಡನೆಯದು ಪೂರ್ವದತ್ತ ಹೇತು. ಅಂದರೆ ಬೆಲೆಯನ್ನು ಮೊದಲೇ ಕೊಟ್ಟಾಗಿದೆಯೆಂಬದು. ದೂರವಾಣಿಯ ಕಂಪನಿಗಳು ತಮ್ಮ ಆದಾಯದಲ್ಲಿ ನೂರಕ್ಕೆ 5ರಂತೆ ಒಂದು ನಿಧಿಗೆ ಸಲ್ಲಿಸಬೇಕು. 2002ರಲ್ಲಿ ಹುಟ್ಟಿದ ಈ ‘ಸಾರ್ವತ್ರಿಕ ಸೇವಾ ಬಾಧ್ಯತಾ ನಿಧಿ’ಗೆ 2023ರ ದೂರಸಂಪರ್ಕ ಕಾಯದೆಯಿಂದ ‘ಡಿಜಿಟಲ್ ಭಾರತ ನಿಧಿ’ ಎಂಬ ಹೆಸರಾಯಿತು. ಹಳ್ಳಿಗೂ ಗುಡ್ಡಗಾಡಿಗೂ ಸೇವೆ ಮುಟ್ಟಿಸುವದೇ ಅದರ ಉದ್ದೇಶ. ಕಂಪನಿಯ ಆದಾಯವೆಂದರೆ ಕೊನೆಗೆ ಗಿರಾಕಿಯ ರೊಕ್ಕವೇ. ಆದುದರಿಂದ ರಿಚಾರ್ಜ್ ಮಾಡಿಸುವ ಪ್ರತಿಯೊಬ್ಬ ಕುರಿಗಾಹಿಯೂ ಆ ನಿಧಿಗೆ ಕಾಸು ಹಾಕಿದವನೇ. ಹಲವು ವರ್ಷ ಆ ನಿಧಿಗೆಂದು ಕೂಡಿಬಂದದ್ದಕ್ಕಿಂತ ವೆಚ್ಚವಾದದ್ದು ಕಡಿಮೆ. ಇನ್ನು ಕಂಪನಿಗಳು ಬಳಸುವ ನಿಸ್ತಂತು ಅಲೆಗಳಾದರೂ ಯಾರವು? ಅವು ಸಾರ್ವಜನಿಕ ಆಸ್ತಿಯೆಂದು ಸರ್ವೋಚ್ಚ ನ್ಯಾಯಾಲಯವು 1995ರಲ್ಲಿಯೇ ಹೇಳಿದೆ.

ನವಲಗುಂದದ ಜನಕ್ಕೆ ಈ ಎರಡನೆಯ ಹೇತುವನ್ನು ಬಿಡಿಸಿ ಹೇಳುವ ಅವಶ್ಯಕತೆಯಿಲ್ಲ. ನವಿಲುತೀರ್ಥದಲ್ಲಿ ಮಲಪ್ರಭೆಗೆ ಕಟ್ಟು ಹಾಕಿ ಕಾಲುವೆ ತೋಡಿದರು. ಕಾಲುವೆಯ ತಲೆಯಲ್ಲಿದ್ದವರ ಹೊಲಕ್ಕೆ ನೀರು ಹರಿಯಿತು. ಬಾಲದಲ್ಲಿದ್ದವರ ಹೊಲದಲ್ಲಿ ನೀರು ಕಾಣದಿದ್ದರೂ ಅಭಿವೃದ್ಧಿ ಕರದ ನೋಟೀಸು ಕಂಡಿತು. ಆ ಅನ್ಯಾಯದ ವಿರುದ್ಧ ಎದ್ದ ಚಳವಳಿಯು 1980ರ ಜುಲೈ 21ರಂದು ನವಲಗುಂದ, ನರಗುಂದಗಳಲ್ಲಿ ಗೋಳೀಬಾರಿನವರೆಗೂ ಹೋಯಿತು. ರೈತರ ಪ್ರಾಣ ಹೋಯಿತು. ಇಂದಿಗೂ ಆ ದಿನವನ್ನು ಇಲ್ಲಿ ಹುತಾತ್ಮರ ದಿನವೆಂದು ನೆನೆಯುತ್ತಾರೆ. ಆ ರಕ್ತದಿಂದ ನಾವು ಕಲಿಯಬೇಕಾದ ಪಾಠವೊಂದಿದೆ: ಕಾಲುವೆಯನ್ನು ತೂಬಿನಲ್ಲಿ ನಿಂತು ಅಳೆಯಬಾರದು, ಕೊನೆಯ ಹೊಲದ ಬದುವಿನಲ್ಲಿ ನಿಂತು ಅಳೆಯಬೇಕು. ಅಂತರ್ಜಾಲವೂ ಒಂದು ಕಾಲುವೆಯೇ. ಪಂಚಾಯತಿಯ ಕಚೇರಿಯ ಪೆಟ್ಟಿಗೆಯಲ್ಲಿ ಹಸಿರು ದೀಪ ಉರಿದರೆ ಅದು ತೂಬಿಗೆ ನೀರು ಬಂದಂತಾಯಿತು, ಅಷ್ಟೇ.

ಮೂರನೆಯದು ಋಷಿಋಣದ ಹೇತು. ಮನುಷ್ಯನು ಮೂರು ಋಣಗಳನ್ನು ಹೊತ್ತೇ ಹುಟ್ಟುವನೆಂದು ನಮ್ಮ ಹಿರಿಯರು ಹೇಳಿದರು. ಅವುಗಳಲ್ಲಿ ಋಷಿಋಣವು ಕಲಿತು ಕಲಿಸುವದರಿಂದ ತೀರತಕ್ಕದ್ದು. 2020ರಲ್ಲಿ ಮಹಾಮಾರಿಯು ಬಂದು ಶಾಲೆಗಳು ಮುಚ್ಚಿದಾಗ ಈ ಋಣದ ಪರೀಕ್ಷೆಯಾಯಿತು. ಪಟ್ಟಣದ ಮಗುವಿಗೆ ಪಾಠವು ಕೋಣೆಯೊಳಗೇ ಬಂದಿತು. ಹಳ್ಳಿಯ ಮಗು ರೇಂಜು ಹುಡುಕುತ್ತ ಮಾಳಿಗೆ ಏರಿತು, ಗುಡ್ಡ ಏರಿತು. ದೂರದರ್ಶನದ ಚಂದನ ವಾಹಿನಿಯಲ್ಲಿ ‘ಸಂವೇದ’ ಎಂಬ ಪಾಠಗಳು ಬಂದವು. ಆಗಸ್ಟಿನಲ್ಲಿ ‘ವಿದ್ಯಾಗಮ’ವೆಂಬ ಹೆಸರಿನಲ್ಲಿ ಶಿಕ್ಷಕರೇ ಊರೂರಿಗೆ ನಡೆದು, ಗುಡಿಯ ಕಟ್ಟೆಯ ಮೇಲೆ, ಮರದ ಕೆಳಗೆ ಮಕ್ಕಳನ್ನು ಕೂಡಿಸಿ ಕಲಿಸಿದರು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದನ್ನೂ ನಿಲ್ಲಿಸಬೇಕಾಯಿತು. ತಂತಿಯು ಹೋಗಲಾರದಲ್ಲಿ ಮನುಷ್ಯನು ಹೋದನೆಂಬದು ನಮ್ಮ ವೃತ್ತಿಗೆ ಭೂಷಣವೇ. ಆದರೆ ಆ ತಿಂಗಳುಗಳಲ್ಲಿ ಮೂರನೆಯ ಇಯತ್ತೆಯ ಮಗುವಿನ ಕೈಯಿಂದ ಜಾರಿದ ಅಕ್ಷರವನ್ನು ಮರಳಿ ಕೂಡಿಸಲು ಎಷ್ಟು ಶ್ರಮವಾಯಿತೆಂಬದನ್ನು ಶಾಲೆಯ ಮಾಸ್ತರರೇ ಬಲ್ಲರು. ಹುಟ್ಟಿದ ಊರಿನ ಕಾರಣದಿಂದ ಒಂದು ಮಗುವಿಗೆ ಅಕ್ಷರ ತಪ್ಪಿದರೆ ಅದು ಆ ಮಗುವಿನ ಪ್ರಾರಬ್ಧವಲ್ಲ, ನಮ್ಮ ಬಾಕಿ.

ಹೀಗೆ ಋಣವೆಂದು ಸಿದ್ಧವಾದ ಮೇಲೆ ಅದನ್ನು ತೀರಿಸುವ ಬಗೆಯನ್ನು ಯೋಚಿಸಬೇಕು. ‘ಯೋಗಕ್ಷೇಮ’ವೆಂಬ ಪದದಲ್ಲಿ ಎರಡು ಭಾಗಗಳಿವೆ: ಇಲ್ಲದ್ದನ್ನು ದೊರಕಿಸುವದು ಯೋಗ, ದೊರೆತದ್ದನ್ನು ಕಾಯುವದು ಕ್ಷೇಮ. ನಮ್ಮ ರಾಜ್ಯಭಾರದಲ್ಲಿ ಯೋಗಕ್ಕೆ ಇರುವ ಉತ್ಸಾಹವು ಕ್ಷೇಮಕ್ಕೆ ಇಲ್ಲ. ಯೋಗಕ್ಕೆ ಉದ್ಘಾಟನೆಯುಂಟು, ಕ್ಷೇಮಕ್ಕೆ ಹಾರತುರಾಯಿ ಇಲ್ಲ. 2011ರ ಅಕ್ಟೋಬರಿನಲ್ಲಿ ಸುಮಾರು 2.5 ಲಕ್ಷ ಗ್ರಾಮಪಂಚಾಯತಿಗಳಿಗೆ ಗಾಜಿನೆಳೆಯನ್ನು ಒಯ್ಯುವ ಯೋಜನೆಗೆ ಕೇಂದ್ರದ ಮಂತ್ರಿಮಂಡಲವು ಒಪ್ಪಿಗೆ ಕೊಟ್ಟಿತು. ಅದಕ್ಕೆ 2015ರಲ್ಲಿ ‘ಭಾರತ್ ನೆಟ್’ ಎಂಬ ನಾಮಕರಣವಾಯಿತು. ಮೊದಲು ಎಳೆಯನ್ನು ಉದ್ದಕ್ಕೆ ಒಂದೇ ಸಾಲಾಗಿ ಎಳೆದಿದ್ದರು. ರಸ್ತೆ ಅಗೆಯುವ ಯಂತ್ರವು ಒಂದು ಕಡೆ ಕಡಿದರೆ ಮುಂದಿನ ಊರುಗಳೆಲ್ಲ ಕುರುಡಾಗುವವು. 2023ರ ಆಗಸ್ಟಿನಲ್ಲಿ ಒಪ್ಪಿದ ತಿದ್ದುಪಡಿಯಲ್ಲಿ 1.39 ಲಕ್ಷ ಕೋಟಿ ರೂಪಾಯಿಯನ್ನು ಗೊತ್ತುಮಾಡಿ, ಎಳೆಯನ್ನು ಉಂಗುರದ ಆಕಾರದಲ್ಲಿ ಜೋಡಿಸಬೇಕೆಂದೂ 1.5 ಕೋಟಿ ಹಳ್ಳಿಯ ಮನೆಗಳಿಗೆ ಮುಟ್ಟಿಸಬೇಕೆಂದೂ ನಿಶ್ಚಯಿಸಿದರು. ಉಂಗುರದಲ್ಲಿ ಒಂದು ಕಡೆ ಕಡಿದರೆ ಇನ್ನೊಂದು ಕಡೆಯಿಂದ ಬೆಳಕು ಸುತ್ತಿ ಬರುವದು. ಮಾತು ಈಗ ಊರಿನಿಂದ ಮನೆಗೆ ಬಂದಿತೆಂಬದು ಸಂತೋಷದ ಸಂಗತಿ. ಇನ್ನು ಬೇಕಾದದ್ದು ಕಡಿದ ಎಳೆಯನ್ನು ಎಷ್ಟು ತಾಸಿನೊಳಗೆ ಜೋಡಿಸಬೇಕು, ಜೋಡಿಸದಿದ್ದರೆ ಯಾರು ಉತ್ತರ ಕೊಡಬೇಕು ಎಂಬ ಕಟ್ಟುನಿಟ್ಟು.

ಅಲ್ಲಿಯವರೆಗೆ ಗೃಹಸ್ಥನು ಏನು ಮಾಡಬೇಕು? ಇಲ್ಲಿ ಪ್ರಮಾಣವಿಚಾರವು ಸಹಾಯಕ್ಕೆ ಬರುವದು. ಜಾಹೀರಾತು ಶಬ್ದಪ್ರಮಾಣದಂತೆ ಕಂಡರೂ ಆಪ್ತವಾಕ್ಯವಲ್ಲ; ಮಾರುವವನು ಆಪ್ತನಾಗುವದು ವಿರಳ. ಪಕ್ಕದ ಮನೆಯವನ ಅನುಭವವು ಅದಕ್ಕಿಂತ ಮೇಲು. ಎಲ್ಲಕ್ಕಿಂತ ಮೇಲಾದದ್ದು ಪ್ರತ್ಯಕ್ಷ: ಜನರೆಲ್ಲ ಬಳಸುವ ಸಂಜೆಯ ಹೊತ್ತಿನಲ್ಲಿ, ಮಳೆಯಲ್ಲಿಯೂ ಬಿಸಿಲಲ್ಲಿಯೂ, ತನ್ನ ಮನೆಯ ನಡುಮನೆಯಲ್ಲಿಯೇ ಪರೀಕ್ಷಿಸಿ ನೋಡುವದು. ಗಾಜಿನೆಳೆ ದೊರೆಯುವಲ್ಲಿ, ಅದು ಊರಿನ ಕೇಬಲ್ಲಿನವನ ಮೂಲಕ ಬಂದರೂ ಚಿಂತೆಯಿಲ್ಲ, ಅದನ್ನೇ ಆರಿಸತಕ್ಕದ್ದು. ದೊರೆಯದಲ್ಲಿ ಮಾಳಿಗೆಯ ಮೇಲೆ ಗೋಪುರದ ದಿಕ್ಕಿಗೆ ತಿರುಗಿಸಿ ಕೂಡಿಸಿದ ಗ್ರಾಹಕವು ಮನೆಯೊಳಗಿನ ಫೋನಿಗಿಂತ ಲೇಸು. ಕರೆಂಟು ಹೋದಾಗ ಪೆಟ್ಟಿಗೆಯು ಆರದಂತೆ ಸಣ್ಣ ಬ್ಯಾಟರಿಯೊಂದನ್ನು ಇಡುವದೂ ಕ್ಷೇಮದ ಭಾಗವೇ.

ಕೊನೆಗೆ ನಿರ್ಣಯ. ಋಣವು ಸರಕಾರದ್ದು ಎಂದಷ್ಟೇ ಹೇಳಿ ಸುಮ್ಮನಾದರೆ ಅರ್ಧ ಸತ್ಯವನ್ನು ಹೇಳಿದಂತಾಗುವದು. ಬಾವಿ, ಕೆರೆ, ಅರವಟ್ಟಿಗೆ, ಸಾಲುಮರಗಳನ್ನು ನಮ್ಮ ಧರ್ಮಶಾಸ್ತ್ರಕಾರರು ‘ಪೂರ್ತ’ವೆಂದು ಕರೆದು ಯಜ್ಞದ ಪಕ್ಕದಲ್ಲಿಯೇ ಇರಿಸಿದರು. ಅರಸನು ಕೆರೆ ಕಟ್ಟಿಸಿದರೂ ಹೂಳೆತ್ತುವವರು ಊರಿನವರಾಗಿದ್ದರು. ಗ್ರಾಮಪಂಚಾಯತಿಯ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳಾಗಿವೆ, ಅದರ ಬಾಗಿಲು ಸಂಜೆ ತೆರೆದಿದೆಯೇ, ಅಲ್ಲಿಯ ಯಂತ್ರ ನಡೆಯುತ್ತಿದೆಯೇ ಎಂದು ವಿಚಾರಿಸುವದು ಯಾರ ಕೆಲಸ? ಗ್ರಾಮಸಭೆಯಲ್ಲಿ ರಸ್ತೆ, ನೀರು, ಗಟಾರಗಳೊಡನೆ ಕಡಿದ ಎಳೆಯ ಮಾತನ್ನು ಎತ್ತಿ ಬರೆಯಿಸುವದು ಯಾರ ಕೆಲಸ? ಅದು ಓದುಬರಹ ಬಲ್ಲ ಮನೆಗಳ ಕೆಲಸ. ಅಂದರೆ ಈ ಪತ್ರಿಕೆಯನ್ನು ತರಿಸುವ ಮನೆಗಳ ಕೆಲಸ. ನಮ್ಮ ಮನೆಯಲ್ಲಿ ಧಾರೆ ಚೆನ್ನಾಗಿ ಹರಿಯುತ್ತಿದ್ದರೆ ಪರೀಕ್ಷೆಯ ದಿನಗಳಲ್ಲಿ ನೆರೆಯ ಮಗುವಿಗೆ ಪಡಸಾಲೆಯಲ್ಲಿ ಒಂದು ಚಾಪೆ ಹಾಸುವದು ಅಸಾಧ್ಯವಲ್ಲ. ಬೆರಳಚ್ಚು ಸವೆದುಹೋಗಿ ಯಂತ್ರದಿಂದ ತಿರಸ್ಕೃತಳಾದ ಮುದುಕಿಗೆ ಅರ್ಜಿ ಬರೆದುಕೊಡುವದೂ ಅಸಾಧ್ಯವಲ್ಲ.

ವಾಚಕರು ಇದನ್ನು ಉಪಕಾರವೆಂದು ಭಾವಿಸಲಾಗದು. ಉಪಕಾರವು ಮನಸ್ಸು ಬಂದಾಗ ಮಾಡುವಂಥದು. ಋಣವು ಮನಸ್ಸು ಬಾರದಿದ್ದರೂ ತೀರಿಸತಕ್ಕದ್ದು. ತೂಬಿನ ಹತ್ತಿರದ ಹೊಲದವನು ತನ್ನ ಪಾಲಿನ ನೀರು ಹಾಯಿಸಿಕೊಂಡ ಮೇಲೆ ಕಾಲುವೆಯ ಗುಂಟ ಒಮ್ಮೆ ಕೊನೆಯವರೆಗೆ ನಡೆದು ನೋಡಬೇಕು. ಕೊನೆಯ ಹೊಲವು ತೊಯ್ದಿದ್ದರೆ ಮಾತ್ರ ಆ ವರ್ಷದ ಕಾಲುವೆಯು ಹರಿಯಿತೆಂದು ಲೆಕ್ಕ ಬರೆಯತಕ್ಕದ್ದು.